ಶನಿವಾರ ತಂದ ಕಬ್ಬಿಣದ ಗೇಟು

ಇವತ್ತು ಮಧ್ಯಾಹ್ನ ಎರಡೂವರೆಗೆ ಸ್ಟೀಲ್ ಲೋಟವೊಂದು ಮೆಟ್ಟಿಲಿಳಿದು ಉರುಳಿದ ಸದ್ದಿಗೆ ಎಚ್ಚರವಾಯಿತು. ಹೋದ ವಾರವಷ್ಟೇ ನಡೆಯಲು ಕಲಿತ ಮಗಳು ಹಿತ್ತಲಿನ ಮಾಳಿಗೆ ಮೆಟ್ಟಿಲನ್ನು ಅರ್ಧ ಹತ್ತಿ ಕೂತಿದ್ದಳು. ಇದಕ್ಕೇ ಹೆದರಿ ನನಗೆ ರಾತ್ರಿ ನಿದ್ದೆಯಿಲ್ಲ.

ಅವಳು ಅಂಬೆಗಾಲಿಡುವಾಗ ನಮ್ಮವರು ಅಡ್ಡ ಕಟ್ಟಿದ್ದ ಪ್ಲಾಸ್ಟಿಕ್ ಜಾಲರಿ ಬಿಸಿಲಿಗೆ ಒಣಗಿ ಹಪ್ಪಳದಂತೆ ಮುರಿದಿತ್ತು. ಮಗುವನ್ನೆತ್ತಿಕೊಂಡು ನೇರ ಗುಜರಿ ಅಂಗಡಿಗೆ ಹೋದೆ. ಹೊಸ ಜಾಲರಿಯ ಬೆಲೆಗೇ ದಪ್ಪ ಸಲಾಕೆಯ ಹಳೇ ಗೇಟು ಸಿಕ್ಕಿತು. ಅದರ ಮೇಲೆ ಮೈಭಾರ ಬಿಟ್ಟು ನೋಡಿದೆ, ಬಾಗಲಿಲ್ಲ. ಆಟೋಕ್ಕೆ ಹಾಕಿಸಿಕೊಂಡು ಬಂದೆ.

ಅತ್ತೆ ಹೊಸ್ತಿಲಲ್ಲೇ ತಡೆದರು. "ಶನಿವಾರ ಕಬ್ಬಿಣ ಮನಿಯೊಳಗ ತರ್ತಾರೇನವಾ? ಕಾಲೇಜು ಕಲ್ತಾಕಿಗೆ ಇಷ್ಟೂ ಗೊತ್ತಿಲ್ಲೇನು?"

"ಕೂಸು ವಾರ ನೋಡಿ ಬೀಳ್ತೈತೇನ್ರಿ ಅತ್ತಿ?"

ನಮ್ಮವರು ನಡುವೆ ಬಂದರು. "ವಾಪಸ್ ಕೊಟ್ಟು ಬಾ. ಸೋಮವಾರ ಇನ್ನೊಂದು ಜಾಲರಿ ತರ್ತೀನಿ."

"ಅದೂ ಮುರೀತೈತ್ರಿ. ಇದು ಆಕಿ ಮದುವಿ ತನಕ ಬಾಳ್ತೈತಿ. ನಾ ಕೊಡಂಗಿಲ್ಲ."

ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. "ಇವತ್ತು ಹೊರಗ ಬೇವಿನ ಗಿಡಕ್ಕ ಒರಗಿರ್ಲಿ. ನಾಳೆ ಹೊತ್ತು ಹುಟ್ಟಿದ ಮ್ಯಾಲ ಒಳಗ ತಗೊಂಡು ಬಾ."

ಆದರೆ ನಾಳೆ ಭಾನುವಾರ, ನಮ್ಮ ಗಾರೆ ಕೆಲಸದ ಗೌಂಡಿಗೆ ರಜೆ. ಮಗಳಿಗೆ ರಜೆಯಿಲ್ಲ. ಹಗರಿಬೊಮ್ಮನಹಳ್ಳಿಯ ಗೆಳತಿಯರೇ, ಭಾನುವಾರವೂ ಬಂದು ಗೋಡೆಗೆ ಗೇಟು ಕೂರಿಸಿಕೊಡುವ ಗೌಂಡಿ ಯಾರಾದರೂ ಗೊತ್ತಿದ್ದರೆ, ಕೈಮುಗಿಯುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡಿ. ಎಷ್ಟು ಹೊತ್ತಿಗಾದರೂ ಮಾಡಿ. ಗೇಟಿನ ಜಾಗದಲ್ಲಿ ನಾನೇ ಕೂತಿರುತ್ತೇನೆ.