ದೊಡ್ಡಿಯ ಅಕ್ಕ

ಆಕೆಯ ಎಡಗೈಯಲ್ಲಿ ಬಳೆ ಇರುತ್ತಿರಲಿಲ್ಲ. ಹೋರಿಯ ಹಗ್ಗ ಕೊರೆದ ಗಾಯ ಒಣಗಿ, ಮಣಿಕಟ್ಟಿನ ಸುತ್ತ ಕಂದು ಗೆರೆಯಾಗಿ ಉಳಿದಿತ್ತು. ಮದುವೆಯಾದ ವರ್ಷ ಆಕೆಯನ್ನು ಮೊದಲ ಸಲ ಕಂಡಾಗ ನಾನು ನೋಡಿದ್ದು ಆ ಕೈಯನ್ನೇ. ಅದು ನನ್ನ ಗಂಡನ ಬೆನ್ನಿಗೆ ಒಂದು ಗುದ್ದು ಹಾಕಿತ್ತು.

ಐವತ್ತರ ದಶಕದ ಮಾತು. ನಮ್ಮ ಮನೆಯವರದು ನರಗುಂದದಲ್ಲಿ ಕಾಳಿನ ವ್ಯಾಪಾರ. ಆಕೆ ಅವರ ಸೋದರತ್ತೆಯ ಮಗಳು. ಗಜೇಂದ್ರಗಡದ ಗುಡ್ಡದ ಕೆಳಗೆ ಸಂಸ್ಥಾನದ ಕಾಲದಿಂದ ದನ ಸಾಕುತ್ತ ಬಂದಿದ್ದ ದೊಡ್ಡಿಯೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಆಕೆಯ ತಂದೆಗೆ ಕಣ್ಣು ಹೋದ ಮೇಲೆ ಎಲ್ಲವೂ ಮದುವೆಯಾಗದ ಈ ಮಗಳ ಮೇಲೆಯೇ ಬಿದ್ದಿತ್ತು. ದೀಪಾವಳಿ ಮುಗಿದು ಹುಲ್ಲು ಇನ್ನೂ ಹಸಿರಿರುವಾಗ ನಮ್ಮ ಮನೆಮಂದಿ ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿ, ರೋಣದ ಮೇಲಿಂದ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುವುದು ರೂಢಿ. ಗುಡ್ಡ ಹತ್ತುವುದು, ದನಗಳ ಹಿಂದೆ ಬಯಲು ಸುತ್ತುವುದು, ಗಟ್ಟಿ ಮೊಸರಿನಲ್ಲಿ ಸಜ್ಜೆರೊಟ್ಟಿ ಉಣ್ಣುವುದು, ಇಷ್ಟೇ.

ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ನನ್ನ ಗಂಡ ಅಲ್ಲಿ ಧೋತರ ಮೇಲೆ ಕಟ್ಟಿ ಕರುಗಳ ಹಿಂದೆ ಓಡುತ್ತಿದ್ದರು, ಬಿದ್ದು ನಗುತ್ತಿದ್ದರು. ಆಕೆಯೋ, ಯಾವ ಆಕಳಿನ ತಾಯಿ ಯಾವುದು, ಅಜ್ಜಿ ಯಾವುದು ಎಂದು ಹೇಳಬಲ್ಲವಳು. ನಾಲಿಗೆಯಿಂದ ಟಕ್ ಎನ್ನಿಸಿದರೆ ಹೋರಿ ತಲೆ ತಗ್ಗಿಸಿಕೊಂಡು ಬರುತ್ತಿತ್ತು. ನಾನು ಧೈರ್ಯ ನಟಿಸಿ ಆಕಳ ಹತ್ತಿರ ಹೋದರೆ, “ಅಂಜಿಕಿ ಮುಚ್ಚಿಡಬ್ಯಾಡ ತಂಗಿ, ಅದಕ್ಕ ಗೊತ್ತಾಗತೈತಿ” ಎನ್ನುತ್ತಿದ್ದಳು.

ಅವರಿಬ್ಬರಿಗೆ ಮದುವೆಯ ಮಾತಾಗಿತ್ತೆಂದು ನನ್ನ ನಾದಿನಿ ಹೇಳಿದ್ದು ತಿರುಗಿ ಬರುವಾಗ, ಚಕ್ಕಡಿಯಲ್ಲಿ. ಅಂದಿನಿಂದ ನನ್ನ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಮರುವರ್ಷ ತಲೆನೋವಿನ ನೆಪ ಹೇಳಿ ಹೋಗಲಿಲ್ಲ. ಹೋದವರು ಬೇಗನೆ ಮರಳಿದರು. ಯಾಕೆಂದು ನಾನು ಕೇಳಲಿಲ್ಲ.

ಮೂರನೆಯ ವರ್ಷ ಹೋದೆ. ಬೆಳಗಿನ ಹಾಲು ಹಿಂಡುವಾಗ ಆಕೆಯ ಪಕ್ಕ ಕುಳಿತು ಕೇಳಿಯೇಬಿಟ್ಟೆ. ಆಕೆಯ ಕೈ ನಿಲ್ಲಲಿಲ್ಲ.

“ಹೌದು, ಮಾತಾಗಿತ್ತು. ಅಪ್ಪನ್ನ, ಈ ದನಾ ಬಿಟ್ಟು ಹ್ಯಾಂಗ ಬರ್ಲಿ? ನಾನ ಒಲ್ಲೆ ಅಂದೆ.”

“ಬ್ಯಾಸರ ಆಗಲಿಲ್ಲೇನ್ರಿ ಅಕ್ಕಾ?”

“ಆತು. ಸುಳ್ಳ ಯಾಕ ಹೇಳ್ಲಿ?” ಚರಿಗೆ ಸರಿಸಿಕೊಂಡು ಆಕೆಯೇ ಮುಂದುವರಿಸಿದಳು: “ಹ್ವಾದ ವರ್ಷ ನೀ ಬರಲಿಲ್ಲ. ಅಂವ ಎರಡ ದಿನಕ್ಕ ಮನಿ ಮನಿ ಅಂತ ಹೊಂಟ ನಿಂತ. ಅವತ್ತ ನನಗೂ ಹೊಟ್ಟಿ ಉರದಿತ್ತು.”

ಆಕೆಯನ್ನು ಕಂಡು ನಾನು ಉರಿಯುತ್ತಿದ್ದರೆ, ನನ್ನನ್ನು ಕಂಡು ಆಕೆ ಉರಿದಿದ್ದಳು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆಕೆ ಅದನ್ನು ಬಾಯಿಬಿಟ್ಟು ಹೇಳಬಲ್ಲವಳಾಗಿದ್ದಳು, ನಾನಲ್ಲ. ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ.

ಮುಂದೆ ನನಗೆ ಮಗಳು ಹುಟ್ಟಿದಳು. ಜ್ವರ ಬಂದು ನನ್ನ ಎದೆಹಾಲು ಬತ್ತಿತು. ಸುದ್ದಿ ಗಜೇಂದ್ರಗಡಕ್ಕೆ ಹೇಗೆ ಮುಟ್ಟಿತೋ, ಒಂದು ಮಧ್ಯಾಹ್ನ ಆಕೆ ಈದ ಆಕಳನ್ನೂ ಕರುವನ್ನೂ ಹೊಡೆದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕರುವಿಗೆ ಕಾಲು ನೋಯಬಾರದೆಂದು ಅಲ್ಲಲ್ಲಿ ತಂಗುತ್ತ, ಮೂರು ದಿನ ನಡೆದು ಬಂದಿದ್ದಳಂತೆ. ಹಿತ್ತಲಲ್ಲಿ ಆಕಳನ್ನು ಕಟ್ಟಿ, ನನ್ನ ಕೈ ಹಿಡಿದು ಹಿಂಡುವುದನ್ನು ಕಲಿಸಿದಳು. ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಪೇಟೆಯ ದಿಕ್ಕಿಗೆ ಒಮ್ಮೆ ನೋಡಿ, ಅಪ್ಪನನ್ನೂ ದನಗಳನ್ನೂ ಆಳಿನ ಮೇಲೆ ಬಿಟ್ಟು ಬಂದಿದ್ದೇನೆ, ಹೋಗುತ್ತೇನೆ ಎಂದಳು.

ಅವರು ಪೇಟೆಯಿಂದ ಬರುವ ಹೊತ್ತಾಗಿತ್ತು. ಇರ್ರಿ ಅಕ್ಕಾ, ಉಂಡು ಹೋಗ್ರಿ ಎನ್ನಬೇಕಿತ್ತು. ನಾನು ಅನ್ನಲಿಲ್ಲ. ಮೂರು ದಿನ ನಡೆದವಳು ಒಂದು ತಂಬಿಗೆ ನೀರು ಕುಡಿದು ಹೊರಟುಹೋದಳು. ಗಂಡ ಬಂದು ಕೇಳಿದಾಗ, ಎಷ್ಟು ಹೇಳಿದರೂ ನಿಲ್ಲಲಿಲ್ಲ ಎಂದೆ.

ಮರುವರ್ಷ ಬೇಸಿಗೆಯಲ್ಲಿ ಆಕೆ ವಾಂತಿಭೇದಿಯಿಂದ ತೀರಿಕೊಂಡಳು. ನಮಗೆ ಸುದ್ದಿ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತುಬಿಟ್ಟರು. ಆಗ ನಿಜ ಹೇಳಿದೆ, ಅವತ್ತು ಆಕೆಗೆ ಇರು ಎಂದು ನಾನು ಅಂದಿರಲಿಲ್ಲ ಎಂದು. ಬೈಯುತ್ತಾರೆಂದು ಕಾದೆ. ಅವರು ಎದ್ದು ಹಿತ್ತಲಿಗೆ ಹೋಗಿ ಆಕಳಿಗೆ ಮೇವು ಹಾಕಿದರು. ನಾನು ಚರಿಗೆ ಹಿಡಿದು, ಅವರ ಹಿಂದೆಯೇ ಹೋಗಿ ಹಿಂಡಲು ಕುಳಿತೆ.