ಹೆಲ್ಗಾ ಎಂಬ ಗಿರಿಜಾ

ನಮ್ಮ ಅತ್ತೆ ಇಬ್ಬರಲ್ಲ, ಒಬ್ಬರೇ ಎಂದು ಸಾಬೀತು ಮಾಡಲು ಕಳೆದ ಶನಿವಾರ ಹೆಂಡತಿಯ ಜೊತೆ ಪುಣೆ ಹತ್ತಿರದ ಶಿರೂರಿಗೆ ಹೋಗಿದ್ದೆ.

ನಗಬೇಡಿ. ನನ್ನ ಹೆಂಡತಿ ಸುಧಾಳ ತಾಯಿ ಜರ್ಮನ್ ಹೆಂಗಸು. ಹೆಸರು ಹೆಲ್ಗಾ. ಯಂತ್ರದ ಕೆಲಸ ಕಲಿಯಲು ಜರ್ಮನಿಗೆ ಹೋಗಿದ್ದ ಮಾವನವರು ಅವರನ್ನು ಪುಣೆಗೆ ಕರೆತಂದು ಮದುವೆಯಾದರು. ಇಬ್ಬರೂ ಈಗಿಲ್ಲ. ಸುಧಾ ಹುಟ್ಟಿದ ಕಾಲದಲ್ಲಿ ಅಲ್ಲಿನ ಕಾನೂನು ಹೇಗಿತ್ತು ಗೊತ್ತೇ? ಜರ್ಮನ್ ಹೆಂಗಸು ಪರದೇಶದವನನ್ನು ಕಟ್ಟಿಕೊಂಡರೆ ಮಕ್ಕಳಿಗೆ ಪೌರತ್ವವಿಲ್ಲ! ಆ ತಪ್ಪನ್ನು ಅವರೀಗ ತಿದ್ದಿಕೊಂಡಿದ್ದಾರೆ. ಅಂಥ ಮಕ್ಕಳು ಘೋಷಣೆ ಬರೆದುಕೊಟ್ಟು ಪೌರತ್ವ ಪಡೆಯಬಹುದು. ಆದರೆ ಅದಕ್ಕೊಂದು ಡೆಡ್‌ಲೈನ್ ಇದೆ.

"ಈ ವಯಸ್ಸಿನಾಗ ಯಾಕ ಬೇಕ?" ಎಂದೆ. (ಇಲ್ಲಿಯ ಪಾಸ್‌ಪೋರ್ಟ್ ಬಿಡಬೇಕಾಗುತ್ತದೆ. ಅದೇನು ಸಣ್ಣ ಮಾತೇ?)

"ಅಪ್ಪ ಜರ್ಮನ್ ಇದ್ದಿದ್ರ ಹುಟ್ಟಿದ ದಿನಾನೇ ಸಿಗತಿತ್ತು. ಅವ್ವ ಜರ್ಮನ್ ಅಂತ ಸಿಗಲಿಲ್ಲ. ನಾ ಬಿಡಂಗಿಲ್ರಿ," ಎಂದಳು.

ಅಲ್ಲಿಗೆ ಮಾತು ಮುಗಿಯಿತು.

ತೊಡಕು ಬಂದದ್ದು ಕಾಗದದಲ್ಲಿ. ಅತ್ತೆಯ ಹಳೇ ಪಾಸ್‌ಪೋರ್ಟಿನಲ್ಲಿ ಹೆಸರು ಹೆಲ್ಗಾ. ಸುಧಾಳ ಬರ್ತ್ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರು ಗಿರಿಜಾ.

"ಈ ಗಿರಿಜಾ ಯಾರು ಅಂತ ಜರ್ಮನ್ ಆಫೀಸಿನವರು ಕೇಳೇ ಕೇಳ್ತಾರ್ರಿ," ಎಂದರು ಕಲಬುರಗಿ ಕಡೆಯ ನಮ್ಮ ವಕೀಲರು. "ಮದುವಿ ನೋಡಿದವರು ಯಾರರ ಇದ್ರ ಅಫಿಡವಿಟ್ ಮಾಡಿಸಿಕೊಂಡು ಬರ್ರಿ."

ಉಳಿದಿದ್ದವರು ಒಬ್ಬರೇ, ಶಿರೂರಿನಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದ ಸುಧಾಳ ಕಾಕಾ. ವಯಸ್ಸು ಎಂಬತ್ತೆಂಟು. ನೆನಪು ನನಗಿಂತ ಚುರುಕು.

"ಹೆಲ್ಗಾ ಅನ್ನಲಿಕ್ಕೆ ನಮ್ಮವ್ವಗ ನಾಲಿಗಿ ಹೊರಳಲಿಲ್ಲ. ಮಂಟಪದಾಗ ಅಣ್ಣನ ಕೈಲಿಂದ ಅಕ್ಕಿ ಮ್ಯಾಲೆ ಗಿರಿಜಾ ಅಂತ ಬರಸಿದ್ಲು. ಮುಗೀತು," ಎಂದರು.

"ಅವ್ವನ್ನ ಕೇಳಿದ್ರೇನು, ಕಾಕಾ?" ಎಂದಳು ಸುಧಾ.

"ಸೊಸೀನ್ನ ಯಾರ್ ಕೇಳ್ತಾರ, ವಿಮ್ಮಿ? ಅಕೀಗೆ ಭಾಷಾನೂ ಬರತಿರಲಿಲ್ಲ. ತನ್ನ ಹೆಸರು ಹೋತು ಅಂತ ತಿಳೀಲಿಕ್ಕೇ ಎಂಟು ದಿನ ಬೇಕಾತು."

(ತವರಿನವರು ಸುಧಾಳನ್ನು ವಿಮ್ಮಿ ಎಂದೇ ಕರೆಯುತ್ತಾರೆ. ನಾನು ಎಂದೂ ಗಮನ ಕೊಟ್ಟಿರಲಿಲ್ಲ.)

ನನಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡೆ.

ನೋಟರಿಯ ಎದುರು ಕಾಕಾ ಸಹಿ ಹಾಕಿದರು. "ಇರಲಿ, ಹೆಬ್ಬೆಟ್ಟೂ ಒತ್ತತೀನಿ. ನಾಳೆ ಯಾವನೂ ತಕರಾರು ತಗೀಬಾರದು," ಎಂದು ಅದನ್ನೂ ಒತ್ತಿದರು. ಸುಧಾ ಅವರ ಕಾಲಿಗೆ ನಮಸ್ಕಾರ ಮಾಡಿ ಫೈಲನ್ನು ಎದೆಗವಚಿಕೊಂಡೇ ಮನೆ ತಲುಪಿದಳು.

ಸೋಮವಾರ ಅಫಿಡವಿಟ್ ಅನ್ನು ವಕೀಲರ ಮೇಜಿನ ಮೇಲೆ ಇಟ್ಟೆ, ಯುದ್ಧ ಗೆದ್ದವನ ಗತ್ತಿನಲ್ಲಿ! ಅವರು ಫೈಲ್ ತಿರುವಿ ಕನ್ನಡಕ ಸರಿಮಾಡಿಕೊಂಡರು.

"ಬರ್ತ್ ಸರ್ಟಿಫಿಕೇಟಿನಾಗ ಮಗಳ ಹೆಸರು ವಿಮಲಾ ಅದ. ಪಾಸ್‌ಪೋರ್ಟಿನಾಗ ಸುಧಾ ಅದ. ಈ ವಿಮಲಾ ಯಾರ್ರೀ?"

ಸುಧಾ ನನ್ನನ್ನೇ ನೋಡುತ್ತಿದ್ದಳು.

ಮೂವತ್ತೊಂದು ವರ್ಷಗಳ ಹಿಂದೆ ನಮ್ಮ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರ ಹಿಡಿದು ‘ಸುಧಾ’ ಎಂದು ಬರೆದವನು ನಾನೇ. ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರಿಡುವುದು ನಮ್ಮಲ್ಲಿ ರೂಢಿ; ಎಲ್ಲರೂ ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಕೇಳಿದ್ದೆನೇ? ಇಲ್ಲ. ಅವಳಿಗಂತೂ ಭಾಷೆ ಬರುತ್ತಿತ್ತು. ನಾಚಿಕೆಯಾಯಿತು.

ವಕೀಲರು ಗಂಡನೇ ತುಂಬಬೇಕಾದ ಇನ್ನೊಂದು ಫಾರ್ಮ್ ನನ್ನತ್ತ ಸರಿಸಿದರು. ಸುಧಾ ಪೆನ್ನು ಕೊಟ್ಟಳು. "ಬರೀರಿ. ನಿಮ್ಮಿಂದ ನನ್ನ ಅರ್ಜಿ ನಿಲ್ಲಬಾರದು."

ಹೆಸರು, ವಿಳಾಸ, ಮದುವೆಯ ದಿನ ಎಲ್ಲವನ್ನೂ ಸಲೀಸಾಗಿ ತುಂಬಿದೆ. ಉಳಿದಿರುವುದು ಒಂದೇ ಕಾಲಂ: ‘ಹೆಸರು ಬದಲಿಸಿದ ಕಾರಣ’. ನಾಳೆಯೊಳಗೆ ಕೊಡಬೇಕು.

ಗಂಡಸರೇ, ನಿಮ್ಮಲ್ಲಿ ಯಾರಿಗಾದರೂ ಕಾರಣ ಗೊತ್ತಿದೆಯೇ?