ದುದೂನಳ ಬಾಯಿ

ಸಲೋನಿಕಾ ಬಂದರಿನಲ್ಲಿ ಹುರಿದ ಕುಂಬಳಬೀಜ ಮಾರುತ್ತಿದ್ದ ದುದೂನ್ ಬೆರಾಹಾಳ ಬಾಯಿ ನಿದ್ದೆಯಲ್ಲೂ ಮುಚ್ಚುತ್ತಿರಲಿಲ್ಲ ಎಂದು ಅವಳ ಗಂಡನೇ ಗೊಣಗುತ್ತಿದ್ದ, ಪಾಪ. ಆ ಬಾಯಿಗೆ ಬರುತ್ತಿದ್ದುದು ಅಲ್ಲಿನ ಯಹೂದಿಗಳ ಮನೆಮಾತು ಲಾದಿನೊ. ಅವಳ ಗ್ರೀಕ್ ಕೇಳಿದರೆ ಇವಳು ಯಹೂದಿ ಎಂದು ಕತ್ತೆಗೂ ಗೊತ್ತಾಗುತ್ತಿತ್ತು.

ಜರ್ಮನ್ನರು ಯಹೂದಿಗಳನ್ನು ರೈಲಿಗೆ ತುಂಬತೊಡಗಿದಾಗ ವಿಧವೆ ದುದೂನ್, ಶಾಲೆಯ ಗ್ರೀಕ್ ಕಲಿತಿದ್ದ ಮಗಳು ಲೂನಾ, ಇನ್ನೂ ತೊದಲುತ್ತಿದ್ದ ಮೊಮ್ಮಗ ಪೆಪೊ ಬೆಟ್ಟದ ಹಳ್ಳಿಗೆ ಓಡಿಬಂದರು. ಜಾಗ ಕೊಟ್ಟ ಕುರಿಗಾರ್ತಿ ಸ್ಟಮಾತಿಯಾ ಹೊಸಿಲಲ್ಲೇ ಕಟ್ಟುಮಾಡಿದಳು: "ಲೂನಾ ನನ್ನ ತಂಗಿ ಮಗಳು. ಮಗೂಗೆ ಥೊಮಾಸ್ ಅಂತ ಹೆಸರು. ಮುದುಕೀ, ನೀನು ಮೂಕಿ. ಮನೆಯೊಳಗೂ ಮಾತು ಬೇಡ, ಮಗು ನಿನ್ನ ಭಾಷೆ ಕಲಿತ್ಬಿಡುತ್ತೆ. ಬೀದೀಲಿ ಅದು ಒಂದ್ಮಾತು ಹಾಗಂದ್ರೆ ನಾವೆಲ್ಲ ಸತ್ವಿ."

"ಅಯ್ಯೋ, ಇದರ ಬದ್ಲು ನನ್ನ ಈಗ್ಲೇ ಕೊಂದ್ಬಿಡೇ!" ಎಂದಳು ದುದೂನ್. ಆಮೇಲೆ ತುಟಿ ಹೊಲಿದುಕೊಂಡಳು.

ಚಳಿಗಾಲವಿಡೀ ಹಾಗೇ ಕಳೆಯಿತು. ಲೂನಾ ಮಗನ ಹತ್ತಿರ ಗ್ರೀಕ್‌ನಲ್ಲೇ ಮಾತಾಡುತ್ತಿದ್ದಳು. ಅಜ್ಜಿಯ ಬಾಯಿಂದ ಮುದ್ದಿಲ್ಲ, ಕಥೆಯಿಲ್ಲ, ಬೈಗುಳವೂ ಇಲ್ಲ. ಕುರಿಗಳಾದರೂ ಬಾಯ್ತುಂಬ ಅರಚುತ್ತಿದ್ದವು.

ಒಂದು ಬೆಳಿಗ್ಗೆ ಅಡಗಿದ ಯಹೂದಿಗಳನ್ನು ಹುಡುಕುತ್ತ ಗ್ರೀಕ್ ಪೊಲೀಸನೊಬ್ಬ ಮನೆ ಶೋಧಿಸಲು ಬಂದ. ಅವನ ಮುಂದೆಯೇ ಮಗು ಸೀನಿತು. ಮೊಮ್ಮಗ ಸೀನಿದರೆ ಹರಸದ ಅಜ್ಜಿ ಸಲೋನಿಕಾದಲ್ಲಿ ಹುಟ್ಟಿಯೇ ಇಲ್ಲ. "ಬಾಳು ನನ್ನಪ್ಪಾ, ನೂರ್ಕಾಲ ಬಾಳು!" ಲಾದಿನೊದಲ್ಲಿ, ಗಟ್ಟಿಯಾಗಿ, ಜಾರಿಯೇಬಿಟ್ಟಿತು.

ಲೂನಾ ಮಗುವನ್ನು ಎಳೆದು ಅಪ್ಪಿಕೊಂಡಳು.

"ಅಮ್ಮಾ ಮರಿಯಾತಾಯೀ! ಮೂಕಿ ಮಾತಾಡಿದ್ಲು!" ಸ್ಟಮಾತಿಯಾ ಎದೆ ಬಡಿದುಕೊಂಡು ನೆಲಕ್ಕೆ ಬಿದ್ದಳು.

"ಅದ್ಯಾವ ಭಾಷೆ?" ಪೊಲೀಸ್ ಹುಬ್ಬು ಗಂಟಿಕ್ಕಿದ.

"ಅಲ್ಲಯ್ಯಾ, ಹುಟ್ಟುಮೂಕಿ ಮೊದಲ್ನೇ ಸಲ ಬಾಯಿ ಬಿಟ್ರೆ ನಿನ್ನ ಹಾಗೆ ಸ್ಪಷ್ಟವಾಗಿ ಮಾತಾಡ್ಬೇಕಾ? ಪವಾಡ ಕಣೋ! ಟೋಪಿ ತೆಗಿ, ಪಾಪೀ!"

ತಬ್ಬಿಬ್ಬಾದ ಪೊಲೀಸ್ ಟೋಪಿ ತೆಗೆದ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ, ಹೊರಟುಹೋದ.

ಇನ್ನೊಮ್ಮೆ ಜಾರಿದರೆ ಮಗುವಿನ ಜೀವವೇ ಹೋದೀತು. ಅಂದಿನಿಂದ ದುದೂನ್ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಮೊಮ್ಮಗನ ಹತ್ತಿರ ಕೂರುತ್ತಿದ್ದಳು.

ಜರ್ಮನ್ನರು ತೊಲಗಿದ ಸುದ್ದಿ ಬಂದ ದಿನ ಸ್ಟಮಾತಿಯಾ ಆ ಬಟ್ಟೆಯನ್ನು ಕಿತ್ತೆಸೆದು, "ಮಾತಾಡೇ ಮುದುಕೀ, ಹೊಟ್ಟೆ ತುಂಬ ಮಾತಾಡು!" ಎಂದಳು.

ದುದೂನ್ ಪೆಪೊನನ್ನು ತೊಡೆಗೆಳೆದುಕೊಂಡಳು. ಕೂಡಿಟ್ಟಿದ್ದ ಮುದ್ದು, ಬೈಗುಳ, ಕಥೆ, ಎಲ್ಲವನ್ನೂ ಅಳುತ್ತ ನಗುತ್ತ ಲಾದಿನೊದಲ್ಲಿ ಒಂದೇ ಉಸಿರಿಗೆ ಸುರಿದಳು. ಎಷ್ಟು ಸುಖವಾಯಿತು ಆ ಜೀವಕ್ಕೆ!

ಮಗು ಕಣ್ಣರಳಿಸಿ ಕೇಳುತ್ತಿತ್ತು. ಆಮೇಲೆ ತಾಯಿಯ ಕಡೆ ತಿರುಗಿ ಗ್ರೀಕ್‌ನಲ್ಲಿ ಕೇಳಿತು:

"ಅಮ್ಮಾ, ಅಜ್ಜಿ ಏನಂತಿದಾಳೆ?"